ಹೂಂಗುಟ್ಟುವ ಇಂಗ್ಲಿಷ್ ಕ್ಲಾಸು

ಕತೆ ಹೇಳಿ ಇಂಗ್ಲಿಷ್ ಕಲಿಸುತ್ತೇನೆಂದು ಹೊರಟವಳು ನಾನೇ, ಯಾರೂ ಹೇಳಿರಲಿಲ್ಲ. ಕೊಡಗು ಆಗಿನ್ನೂ ತನ್ನದೇ ಒಂದು ಪುಟ್ಟ ರಾಜ್ಯ. ಮಾದಾಪುರದಾಚೆಯ ಸಣ್ಣ ಶಾಲೆಯೊಂದರಲ್ಲಿ ನನಗೆ ಟೀಚರ್ ಕೆಲಸ, ಅದೂ ತಾತ್ಕಾಲಿಕ. ಇನ್ಸ್‌ಪೆಕ್ಟರು ಬಂದು ಪಾಠ ನೋಡಿ ಒಪ್ಪಿದರೆ ಕಾಯಂ, ಇಲ್ಲವಾದರೆ ಹಾಸನದ ಬಸ್ಸು ಹತ್ತಿ ಅಣ್ಣನ ಮನೆಯ ಅಡುಗೆಮನೆಗೆ ವಾಪಸ್ಸು. ಅತ್ತಿಗೆಯ ಮುಖ ನೆನೆದಾಗಲೆಲ್ಲ ಪಾಠ ಮಾಡುವ ಹುಮ್ಮಸ್ಸು ಹೆಚ್ಚುತ್ತಿತ್ತು.

ಕ್ಲಾಸಿನಲ್ಲಿ ಕೊಡವ ತಕ್ಕ್ ಆಡುವ ಮಕ್ಕಳು, ಅರೆಭಾಷೆಯವರು, ಕಾಫಿ ಎಸ್ಟೇಟಿನ ಕೂಲಿ ಲೈನಿನಿಂದ ಬರುವ ತಮಿಳು, ಮಲಯಾಳದ ಮಕ್ಕಳು. ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಅರ್ಥ ಹೇಳಿದರೆ, ಆ ಕನ್ನಡಕ್ಕೆ ಮತ್ತೆ ಅರ್ಥ ಹೇಳಬೇಕು. ರೋಸಿಹೋಗಿ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದೆ. ಕೈ ಬಾಯಿ ತಿರುಗಿಸುತ್ತ ಇಂಗ್ಲಿಷಿನಲ್ಲೇ ಕತೆ ಶುರು ಮಾಡಿದೆ. ಹಸಿದ ನರಿಯೊಂದು ಗದ್ದೆಗೆ ಬಂತು, ಏಡಿಯ ಬಿಲಕ್ಕೆ ಬಾಲ ಇಳಿಬಿಟ್ಟಿತು.

"ಹೂಂ" ಎಂದಿತು ಇಡೀ ಕ್ಲಾಸು.

ಅಜ್ಜಿ ಕತೆ ಹೇಳುವಾಗ ಕೇಳುವವರು ಹೂಂಗುಟ್ಟಬೇಕು, ಇಲ್ಲವಾದರೆ ಕತೆ ಅಲ್ಲಿಗೇ ನಿಲ್ಲುತ್ತದೆ. ಭಾಷೆ ಯಾವುದಾದರೂ ಈ ಕಟ್ಟಳೆ ಮಾತ್ರ ಅವರೆಲ್ಲರ ಮನೆಯಲ್ಲೂ ಒಂದೇ. ಮೊದಮೊದಲು ನಾನು ಹಿಗ್ಗಿದೆ, ಎಲ್ಲ ಅರ್ಥವಾಗುತ್ತಿದೆ ಎಂದುಕೊಂಡೆ. ಅನುಮಾನ ಬಂದು ಒಂದು ದಿನ ಕತೆಯ ನಡುವೆ 'ದ ಫಾಕ್ಸ್ ಈಸ್ ಎ ಬಸ್' ಎಂದೆ. ಅದಕ್ಕೂ ಹೂಂ.

ಮೈಯೆಲ್ಲ ಉರಿಯಿತು. ಕೋಣನ ಮುಂದೆ ಕಿನ್ನರಿ ಎನ್ನುತ್ತಾರೆ, ಕೋಣವಾದರೂ ಹೂಂ ಅನ್ನುವುದಿಲ್ಲ. ಗದರಿದೆ, ಬೆಂಚಿನ ಮೇಲೆ ನಿಲ್ಲಿಸಿದೆ. ನಿಂತವರು ನಿಂತಲ್ಲೇ ಹೂಂಗುಟ್ಟಿದರು. ತಟ್ಟಿಯಾಚೆ ಲೆಕ್ಕ ಮಾಡಿಸುತ್ತಿದ್ದ ಹೆಡ್‌ಮಾಸ್ಟರು, ನಿಮ್ಮ ಕ್ಲಾಸಿನಲ್ಲಿ ಜೇನು ಕಟ್ಟಿದೆಯೇನಮ್ಮ ಎಂದು ಕೇಳಿದರು.

ಇನ್ಸ್‌ಪೆಕ್ಟರು ಬರುವ ದಿನ, ಯಾರಾದರೂ ಹೂಂ ಅಂದರೆ ಚರ್ಮ ಸುಲಿಯುತ್ತೇನೆ ಎಂದು ಹೆದರಿಸಿಟ್ಟೆ. ಅವರು ನನ್ನ ಕುರ್ಚಿಯಲ್ಲಿ ಕೂತರು. ನಾನು ಕತೆ ಹೇಳಿದೆ. ಮಕ್ಕಳು ತುಟಿ ಬಿಗಿಹಿಡಿದು ಕೂತಿದ್ದರು. ಮುಗಿಯಿತಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಇನ್ಸ್‌ಪೆಕ್ಟರು ಲೈನಿನ ಹುಡುಗಿಯೊಬ್ಬಳನ್ನು ಎಬ್ಬಿಸಿ, ಅದೇ ಕತೆಯನ್ನು ನೀನು ಹೇಳು ಎಂದರು. ಎಬ್ಬಿಸಬಾರದವಳನ್ನೇ ಎಬ್ಬಿಸಿದ್ದರು. ಕ್ಲಾಸಿನಲ್ಲಿ ಹೂಂ ಬಿಟ್ಟು ಬೇರೆ ಮಾತು ಆಡಿದವಳಲ್ಲ ಅವಳು.

'ಎ ಫಾಕ್ಸ್ ಕೇಮ್' ಎಂದು ನಿಲ್ಲಿಸಿದಳು. ಅವರ ಮುಖವನ್ನೇ ನೋಡಿದಳು. ಮುಂದೇನು ಎಂದು ಅವರು ಮೇಜು ಕುಟ್ಟಿದರು. ಅವಳು ಕದಲಲಿಲ್ಲ. ನನಗೆ ಹಾಸನದ ಬಸ್ಸಿನ ಹಾರ್ನ್ ಕೇಳಿಸತೊಡಗಿತು.

"ಸಾರ್, ನೀವು ಹೂಂ ಅನ್ನಿ. ಇಲ್ಲಾಂದ್ರೆ ಕತೆ ಬರಲ್ಲ" ಎಂದಳು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇನ್ಸ್‌ಪೆಕ್ಟರು ನನ್ನನ್ನು ನೋಡಿದರು, ಬಾಗಿಲಲ್ಲಿದ್ದ ಹೆಡ್‌ಮಾಸ್ಟರನ್ನು ನೋಡಿದರು, ಕೆಮ್ಮಿದರು. ಕೊನೆಗೆ ಹೂಂ ಅಂದರು.

ಅಷ್ಟೇ ಸಾಕಾಯಿತು. 'ಫಾಕ್ಸ್ ಈಸ್ ಹಂಗ್ರಿ.' ಹೂಂ. 'ಟೇಲ್ ಇನ್ ಹೋಲ್. ಕ್ರ್ಯಾಬ್ ಕ್ಯಾಚ್.' ಹೂಂ. ನನ್ನ ಕತೆ ಅಲ್ಲಿಗೆ ಮುಗಿಯುತ್ತಿತ್ತು, ಅವಳದು ಮುಗಿಯಲಿಲ್ಲ. ಬಾಲಕ್ಕೆ ಏಡಿ ಕಚ್ಚಿಕೊಂಡಿದ್ದ ನರಿ ಎಸ್ಟೇಟಿನ ಗುಮಾಸ್ತ ರೈಟರ ಹತ್ತಿರ ಓಡಿತು. 'ಫಾಕ್ಸ್ ಸೇ, ಟೇಲ್ ಪೇನ್. ರೈಟರ್ ಸೇ, ನೋ ಲೀವ್.' ಅದನ್ನು ನಾನು ಕಲಿಸಿರಲಿಲ್ಲ. ವ್ಯಾಕರಣ ಮಣ್ಣುಪಾಲಾಗಿತ್ತು. ಆದರೆ ಅವಳು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು, ಇನ್ಸ್‌ಪೆಕ್ಟರು ಮೈಮರೆತು ಹೂಂಗುಟ್ಟುತ್ತಿದ್ದರು. ನನಗೆ ಅಳು ಬಂತು.

ಹೊರಡುವಾಗ ಅವರು, ಕೆಲಸ ಕಾಯಂ ಆಗುವಂತೆ ನೋಡಿಕೊಳ್ಳುತ್ತೇನೆ, ಆದರೆ ಕತೆ, ಹೂಂ, ಈ ಗಲಾಟೆಯೆಲ್ಲ ಸಾಕು, ನಾಳೆಯಿಂದ ಪುಸ್ತಕ ಹಿಡಿದು ಪಾಠ ಮಾಡಿ ಎಂದರು. ಈಗ ತಾನೇ ಹೂಂಗುಟ್ಟಿದ ಬಾಯಿ. ಸಿಟ್ಟು ನುಂಗಿಕೊಂಡು ನಾನೂ ಹೂಂ ಅಂದೆ.

ಮಾರನೆಯ ದಿನ ಪುಸ್ತಕ ತೆಗೆದು ಒಂದು ಪುಟ ಓದಿದೆ. ಕ್ಲಾಸು ಗಪ್‌ಚಿಪ್. ವರ್ಷವಿಡೀ ಬೇಡಿದ್ದ ಮೌನ ಕೊನೆಗೂ ಸಿಕ್ಕಿತ್ತು, ಸಿಕ್ಕಿದ ಮೇಲೆ ಅದೇ ನನ್ನನ್ನು ಕೆರಳಿಸಿತು. ಬಾಯಿಗೆ ಬೀಗ ಹಾಕಿಕೊಂಡಿದ್ದೀರಾ ಎಂದು ರೇಗಿದೆ.

"ಇದು ಕತೆ ಅಲ್ವಲ್ಲ ಟೀಚರ್" ಎಂದಳು ಆ ಹುಡುಗಿ.

ನರಿ ಬಸ್ಸಾದಾಗ ಇವರು ಅಂದದ್ದು ಒಪ್ಪಿಗೆಯ ಹೂಂ ಅಲ್ಲ, ಇನ್ಸ್‌ಪೆಕ್ಟರಿಗೆ ನಾನು ಅಂದದ್ದೂ ಅಂಥದೇ. ಪುಸ್ತಕ ಮುಚ್ಚಿದೆ. ರೈಟರ್ ಲೀವ್ ಕೊಡದಿದ್ದ ಮೇಲೆ ನರಿ ಏನು ಮಾಡಿತು, ಇಂಗ್ಲಿಷಿನಲ್ಲೇ ಬೊಗಳು ಎಂದು ಅವಳನ್ನು ಎಬ್ಬಿಸಿ, ಅವಳ ಜಾಗದಲ್ಲಿ ನಾನು ಕೂತೆ. ಅವಳು ಒಂದು ವಾಕ್ಯ ಹೇಳಿ ನನ್ನ ಮುಖ ನೋಡಿದಳು.

"ಹೂಂ" ಅಂದೆ.