ಒಂದು ಉಗುರು ಬೋಳು

ಬಣ್ಣ ಕರಗಿಸುವ ಥಿನ್ನರ್ ಡಬ್ಬಿಯ ಮುಚ್ಚಳ ತೆಗೆದಾಗಲೆಲ್ಲ ನನಗೆ ಮಗಳ ಉಗುರು ನೆನಪಾಗುತ್ತದೆ. ನಗಬೇಡಿ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು, ಭದ್ರಾವತಿಯಲ್ಲಿ ಲಾರಿ-ಬಸ್ಸುಗಳಿಗೆ ಬಣ್ಣ ಹೊಡೆದು ಮನೆ ಕಟ್ಟಿದವನು ನಾನು. ಬಣ್ಣದ ವಿಷಯ ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂಬ ಜಂಬ ಬಹಳ ವರ್ಷ ಇತ್ತು.

ಮಗಳು ಸುಮಾಳ ನಿಶ್ಚಿತಾರ್ಥದ ಹಿಂದಿನ ದಿನ. ಸೀರೆ ತರಲು ಗಾಂಧಿ ಬಜಾರಿಗೆ ಹೋದವಳು ಬೆರಳಿಗೆಲ್ಲ ಕಡುನೀಲಿ ನಕಲಿ ಉಗುರು ಅಂಟಿಸಿಕೊಂಡು ಬಂದಳು. ಎಲ್ಲೂ ಬಣ್ಣ ಒಂದು ಹನಿ ಇಳಿದಿರಲಿಲ್ಲ. ಫಿನಿಶಿಂಗ್ ನೋಡಿ ನನಗೇ ಹೊಟ್ಟೆಕಿಚ್ಚಾಯಿತು.

ಸಂಜೆ ಮನೆ ಧೂಳು ಹೊಡೆಯುವಾಗ ಅವಳಿಗೆ ಚಿಕ್ಕಂದಿನ ಉಬ್ಬಸ ಎದ್ದಿತು. ಕೊರೊನಾ ಕಾಲದಲ್ಲಿ ಕೊಂಡಿದ್ದ, ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ನೋಡುವ ಕ್ಲಿಪ್ಪು ತಂದು ಅವಳಿಗೆ ಹಾಕಿದೆ. ಅಂಕೆ ಎಂಬತ್ತಕ್ಕೆ ಕುಸಿಯಿತು. ಮಿಷನ್ ಕೆಟ್ಟಿದೆಯೇನೋ ಎಂದು ಹೆಂಡತಿಗೆ ಹಾಕಿದೆ, ಅವಳದು ಸರಿಯಾಗಿತ್ತು. ನನಗೆ ಹಾಕಿಕೊಂಡೆ, ಬರೀ ಗೆರೆ, ಅಂಕೆಯೇ ಇಲ್ಲ. ಮಗಳಿಗೆ ಅರ್ಧ ಪ್ರಾಣ, ನನಗೆ ಅದೂ ಇಲ್ಲ.

"ನೀವು ನಿಂತೇ ಇದೀರಲ್ಲ ಮಾರಾಯ್ರೆ, ಮೊದಲು ಆಟೋ ಕರೀರಿ" ಎಂದಳು ಹೆಂಡತಿ.

ದಾರಿಯುದ್ದಕ್ಕೂ ಸುಮಾಳ ಕೈ ಹಿಡಿದು, ಬೀಗರು, ಮದುವೆ, ಮರ್ಯಾದೆ ಎಲ್ಲವನ್ನೂ ಮನಸ್ಸಿನಲ್ಲೇ ಬಿಟ್ಟುಕೊಟ್ಟೆ. ಉಸಿರೊಂದು ಉಳಿದರೆ ಸಾಕಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಎದೆಯ ಸದ್ದು ಕೇಳಿ, ಮೂಗಿಗೆ ಮಾಸ್ಕ್ ಹಾಕಿಸಿ ಔಷಧಿಯ ಹೊಗೆ ಕೊಡಿಸಿದರು. ನರ್ಸಮ್ಮ ಕ್ಲಿಪ್ಪನ್ನು ಅಡ್ಡಕ್ಕೆ ತಿರುಗಿಸಿ, ಉಗುರು ತಪ್ಪಿಸಿ ಬೆರಳಿನ ಪಕ್ಕದಿಂದ ಸಿಕ್ಕಿಸಿದರು. ತೊಂಬತ್ತೈದು.

"ಉಬ್ಬಸ ಇದೆ, ಬಂದಿದ್ದು ಒಳ್ಳೇದಾಯ್ತು. ಆದ್ರೆ ಈ ಮಿಷನ್ನು ಉಗುರಿನ ಮೂಲಕ ಬೆಳಕು ಬಿಟ್ಟು ರಕ್ತ ನೋಡುತ್ತೆ ಯಜಮಾನ್ರೆ. ಅಪ್ಪ ಮಗಳು ಇಬ್ರೂ ಕಿಟಕಿಗೇ ಬಣ್ಣ ಹೊಡ್ಕೊಂಡು ಬಂದಿದೀರಲ್ಲ" ಎಂದರು ಡಾಕ್ಟರು.

ನನ್ನ ಉಗುರು ನೋಡಿಕೊಂಡೆ. ಬೆಳಿಗ್ಗೆ ಬಸ್ಸಿಗೆ ಹೊಡೆದ ಕರಿ ಬಣ್ಣ ಒಣಗಿ ಕೂತಿತ್ತು.

ಬೆಳಕು ಬಣ್ಣದ ಮೇಲೆ ಬಿದ್ದು ಹೊಳೆಯುವುದನ್ನು ನಾನು ದಿನವೂ ನೋಡಿದವನು. ಅದು ಮನುಷ್ಯನ ಮಾಂಸದೊಳಗೆ ಹೊಕ್ಕು, ರಕ್ತವನ್ನು ಮಾತಾಡಿಸಿ, ಆಚೆ ಬದಿಯಲ್ಲಿ ಸುದ್ದಿ ಹೇಳುತ್ತದೆಂದು ಯಾರು ಕನಸು ಕಂಡಿದ್ದರು?

ರಾತ್ರಿ ಸುಮಾ ರಿಮೂವರಿನಲ್ಲಿ ನೆನೆಸಿ, ಕ್ಲಿಪ್ಪಿಗೆಂದು ಒಂದು ನಕಲಿ ಉಗುರು ಬಿಡಿಸಿಕೊಂಡಳು. ಮನೆಯೆಲ್ಲ ನನ್ನ ಶೆಡ್ಡಿನ ಥಿನ್ನರ್ ವಾಸನೆ. ಮರುದಿನ ಉಂಗುರ ತೊಡಿಸುವಾಗ ಬೀಗಿತ್ತಿ ಆ ಬೋಳು ಬೆರಳು ಯಾಕೆಂದು ಕೇಳಿದರು. "ಅದು ಅಪ್ಪ ನೋಡಕ್ಕೆ" ಎಂದಳು ಸುಮಾ.

ಈಗ ಅವಳಿರುವುದು ಆಯನೂರಿನ ಗಂಡನ ಮನೆಯಲ್ಲಿ. ಇವತ್ತೂ ಕೆಲಸ ಮುಗಿಸಿ, ಥಿನ್ನರಿನಲ್ಲಿ ನನ್ನ ತೋರುಬೆರಳಿನ ಉಗುರೊಂದನ್ನೇ ಉಜ್ಜಿ ತೊಳೆದೆ. ಮಿಕ್ಕವು ಕರ್ರಗೇ ಇರಲಿ. ಮೊಬೈಲಿನ ಟಾರ್ಚ್ ಹಚ್ಚಿ ಅದರ ಮೇಲೆ ಬೆರಳಿಟ್ಟೆ. ಅಷ್ಟು ದಪ್ಪ, ಒರಟು ಬೆರಳು ಒಳಗಿನಿಂದ ಕೆಂಪಗೆ ಬೆಳಗಿತು. ಈ ಬಣ್ಣವನ್ನು ನಾನು ಯಾವ ಡಬ್ಬಿಯಲ್ಲೂ ಕಲಸಿಲ್ಲ.