ಒಕಾದಾ ಸಾನ್ ಕಿವಿಗೆ ಬಿದ್ದ ‘ಅಣ್ಣಾ’

ಚಂದ್ರಮೌಳಿ ಕುಳ್ಳ. ಮೈಸೂರಿನ ಕಾಲೇಜಿನಲ್ಲಿ ಕಬಡ್ಡಿ ಆಡುವಾಗಲೇ ಎದುರಾಳಿಯ ಕಂಕುಳ ಕೆಳಗೆ ನುಸುಳಿಕೊಂಡು ಬರುತ್ತಿದ್ದ ಆಸಾಮಿ. ಎಂಜಿನಿಯರಾಗಿ ಜಪಾನಿನ ಕಾವಾಸಾಕಿ ಊರಿಗೆ ಬಂದ ಮೇಲೆ, ತಾಮಾ ನದಿಯ ದಂಡೆಯಲ್ಲಿ ಯಾರೋ ನಾಲ್ಕು ಜನ ಸೇರಿ ರಗ್ಬಿ ಲೀಗ್ ತಂಡ ಕಟ್ಟಿದಾಗ ಆ ಮೈಕಟ್ಟೇ ಅವನ ಕೈಹಿಡಿಯಿತು. ರಗ್ಬಿಯಲ್ಲೇ ಹದಿಮೂರು ಜನರ ಈ ಬಗೆಯ ಹೆಸರು ಅಲ್ಲಿ ಕೇಳಿದವರೇ ಕಡಿಮೆಯಿದ್ದ ಕಾಲ. ಚೆಂಡು ಯಾರಿಗೆ, ನುಗ್ಗುವುದೆಲ್ಲಿ ಎಂದು ಕೂಗಿ ಆಡಿಸುವ ಹಾಫ್‌ಬ್ಯಾಕ್ ಅವನೇ. ಏಳನೇ ನಂಬರಿನ ಜೆರ್ಸಿ ಅವನ ಮೈಮೇಲೆಯೇ ಬಣ್ಣ ಬಿಟ್ಟಿತು. ಅದು ಇನ್ನೊಬ್ಬನ ಪಾಲಾದೀತೆಂದು ಅವನಿಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಕೊರೊನಾ ಬಂತು, ಆಟ ನಿಂತಿತು. ಮನೆಯಲ್ಲೇ ಕೂತು ಮೀಟಿಂಗು, ಮೂಲೆಯ ಕೊಂಬಿನಿ ಅಂಗಡಿಯಿಂದ ತಂದ ಕರಿದ ತಿಂಡಿ. ಚಂದ್ರಮೌಳಿಗೆ ಹೊಟ್ಟೆ ಬಂತು. ಮತ್ತೆ ಆಟ ಶುರುವಾದಾಗ ತ್ಸುಕುಬಾದಲ್ಲಿ ಓದುತ್ತಿದ್ದ ವಿವೇಕ್ ತಂಡ ಸೇರಿದ. ಪಾಸ್ ಕೊಡುವುದನ್ನು ಕಲಿಸಿದವನು ಚಂದ್ರಮೌಳಿಯೇ. ಮಾತೆತ್ತಿದರೆ ‘ಅಣ್ಣಾ, ಅಣ್ಣಾ’ ಎನ್ನುವ ಹುಡುಗ. ಒಂದು ದಿನ ಕೋಚ್ ಚಂದ್ರಮೌಳಿಗೆ ತಲೆಬಾಗಿ ‘ಸುಮಿಮಾಸೆನ್’, ಕ್ಷಮಿಸಿ, ಎಂದು ಏಳನೇ ಜೆರ್ಸಿಯನ್ನು ವಿವೇಕ್‌ಗೇ ಕೊಟ್ಟುಬಿಟ್ಟರು. ಅಂದಿನಿಂದ ಆ ‘ಅಣ್ಣಾ’ ಕೇಳಿದರೆ ಚಂದ್ರಮೌಳಿಗೆ ಮೈಯೆಲ್ಲ ಉರಿ. ಹುಡುಗ ಬೀಳಲಿ, ಅವನ ಕೈಯಿಂದ ಚೆಂಡು ಜಾರಲಿ ಎಂದು ಗೆರೆಯಾಚೆ ನಿಂತು ಹಾರೈಸುವುದೇ ಅವನ ಭಾನುವಾರದ ಕೆಲಸವಾಯಿತು.

ಕೊನೆಯ ಪಂದ್ಯ. ಕೊರೊನಾ ನಿಯಮದಂತೆ ಹೊರಗೆ ನಿಂತವರು ಮಾಸ್ಕ್ ಹಾಕಿಕೊಂಡು ಚಪ್ಪಾಳೆ ತಟ್ಟಬಹುದು, ಕೂಗುವಂತಿಲ್ಲ. ಅಂಕ ಸಮ, ಆಟ ಮುಗಿಯುತ್ತ ಬಂದಿದೆ. ಚೆಂಡು ಹಿಡಿದ ವಿವೇಕ್‌ನನ್ನು ಎದುರಾಳಿಗಳು ಅಡ್ಡಗಟ್ಟಿದ್ದಾರೆ. ಬಲಗಡೆ ಒಂದು ಸಂದಿ ಬಿಟ್ಟಿರುವುದು ಚಂದ್ರಮೌಳಿಗೆ ನಿಚ್ಚಳವಾಗಿ ಕಂಡಿತು. ವಿವೇಕ್‌ಗೆ ಕಾಣಲಿಲ್ಲ. ದಿಕ್ಕು ತೋಚದೆ ಹೊರಗೆ ತಿರುಗಿ “ಅಣ್ಣಾ!” ಎಂದು ಕೂಗಿದ.

‘ಬಲ’ ಎಂದಿದ್ದರೆ ಸಾಕಿತ್ತು. ಚಂದ್ರಮೌಳಿ ತುಟಿ ಬಿಚ್ಚಲಿಲ್ಲ. ಸಿಕ್ಕಿಹಾಕಿಕೊಳ್ಳಲಿ ಮಗ ಎಂದುಕೊಂಡ.

ಬಲಗಡೆಯಿದ್ದ ಜೊತೆಯಾಟಗಾರ ಒಕಾದಾ ಸಾನ್ ಕಿವಿಗೆ ಅದು ‘ಅನಾ’ ಎಂದು ಬಿತ್ತು. ಜಪಾನಿಯಲ್ಲಿ ಅನಾ ಎಂದರೆ ತೂತು. ಹುಡುಗ ಸಂದಿಯನ್ನು ತೋರಿಸುತ್ತಿದ್ದಾನೆಂದು ಅವನು ಕಣ್ಣುಮುಚ್ಚಿ ನುಗ್ಗಿದ. ಅವನು ಓಡಿದ್ದು ಕಂಡು ವಿವೇಕ್ ಚೆಂಡೆಸೆದ. ತಂಡ ಗೆದ್ದಿತು.

ಎಂಥ ಕಣ್ಣು ಈ ಹುಡುಗನದು ಎಂದು ಎಲ್ಲರೂ ಹೊಗಳುವವರೇ. ಅವನು ಕೂಗಿದ್ದು ನನ್ನನ್ನು, ಸಂದಿಯನ್ನಲ್ಲ ಎಂದು ಎಲ್ಲರ ಮುಂದೆ ಹೇಳಿ ಅವನ ಬಣ್ಣ ಬಯಲು ಮಾಡಲು ಚಂದ್ರಮೌಳಿ ಮುಂದೆ ಬಂದ. ನೋಡಿದರೆ ವಿವೇಕ್ ತಾನೇ ಅದನ್ನು ಹೇಳಿಕೊಂಡು ಬಿದ್ದು ಬಿದ್ದು ನಗುತ್ತಿದ್ದ. ಆಮೇಲೆ ಇವನ ಕಡೆ ತಿರುಗಿದ.

“ಅಣ್ಣಾ, ನಂಗೆ ಗ್ಯಾಪ್ ಕಾಣ್ಲೇ ಇಲ್ಲ. ನಿಮ್ಗೆ ಅಲ್ಲಿಂದ ಕ್ಲಿಯರಾಗಿ ಕಾಣಿಸ್ತಿತ್ತಲ್ವಾ? ಯಾಕೆ ಹೇಳ್ಲಿಲ್ಲ?”

ಚಂದ್ರಮೌಳಿ ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡ. “ರೂಲ್ಸ್ ಇದ್ಯಲ್ಲಪ್ಪ, ಹೊರಗಿರೋರು ಕೂಗೋ ಹಾಗಿಲ್ಲ.”

“ಅಯ್ಯೋ, ಹೌದಲ್ವಾ! ಮರ್ತೇಬಿಟ್ಟಿದ್ದೆ. ಸಾರಿ ಅಣ್ಣಾ,” ಎಂದ ಹುಡುಗ. ಅವನು ಅದನ್ನು ಪೂರ್ತಿ ನಂಬಿದ್ದ.