ರಾಜರ ಮಾತು ಎತ್ತಿಕೊಡುವ ಶಾಂತಕುಮಾರಿ

ಪುರವರದ ಶಾಂತಕುಮಾರಿಯ ಬಗ್ಗೆ ಹೇಳಲೇಬೇಕು. ಯಾಕೆಂದರೆ ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಈ ನಾಲ್ಕು ತಾಲ್ಲೂಕಿನಲ್ಲಿ ಅರ್ಧಕ್ಕೇ ನಿಂತುಹೋಗಬೇಕಿದ್ದ ಎಷ್ಟೋ ನಾಟಕಗಳು ಇವಳಿಂದ ಮಂಗಳ ಹಾಡಿ ಮುಗಿದಿವೆ. ಆಕೆ ಚೆನ್ನಾಗಿ ಹಾಡುತ್ತಾಳೆ, ಅದು ಎಲ್ಲರಿಗೂ ಗೊತ್ತು. ಬೇರೆಯವರು ಮರೆತ ಮಾತನ್ನು ಅವರ ಬಾಯಿಗೇ ಇಟ್ಟು ಅವರದೇ ಅನ್ನಿಸಿಬಿಡುತ್ತಾಳೆ, ಅದು ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ಅವಳ ಕೆಲಸ ಕೆಟ್ಟಿತು ಎಂದೇ ಅರ್ಥ.

ನಮ್ಮ ಕಡೆ ನಾಟಕ ಎಂದರೆ ಊರವರೇ ಪಾರ್ಟು ಹಂಚಿಕೊಂಡು ಆಡುವುದು. ಕುರಿ ಮೇಯಿಸುವವರು, ಬೀಡಾ ಅಂಗಡಿಯವರು, ಹಾಲಿನ ಡೇರಿ ಸೆಕ್ರೆಟರಿ ಎಲ್ಲರೂ ಹಾರ್ಮೋನಿಯಂ ಮಾಸ್ಟರ ಮುಂದೆ ಕೂತು ತಿಂಗಳುಗಟ್ಟಲೆ ಪದ್ಯ ಕಲಿಯುತ್ತಾರೆ. ರಾಣಿ ಮಾತ್ರ ಹೊರಗಿನಿಂದ ಬರಬೇಕು. ಅದೂ ನಾಟಕದ ದಿನವೇ. ಶಾಂತಕುಮಾರಿ ಬಸ್ಸಿಳಿದು ಬಂದು, ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಾ, "ಇವತ್ತು ನನ್ ಗಂಡ ಯಾರಪ್ಪಾ?" ಎಂದು ಕೇಳುತ್ತಾಳೆ. ಮೂಲೆಯಲ್ಲಿ ಕಿರೀಟ ಹೊತ್ತು ಬೆವರುತ್ತಿರುವವನೊಬ್ಬ ಕೈ ಎತ್ತುತ್ತಾನೆ. ಅಲ್ಲಿಗೆ ಪರಿಚಯ ಮುಗಿಯಿತು.

ಅವಳು ಯಾವ ಶಾಲೆಯಲ್ಲೂ ಇದನ್ನು ಕಲಿತವಳಲ್ಲ. ಚಿಕ್ಕಂದಿನಲ್ಲಿ ಪಕ್ಕದ ಮನೆಯೇ ಹಾರ್ಮೋನಿಯಂ ಮಾಸ್ಟರ್ ನಾಗಲಿಂಗಯ್ಯನವರದು. ಇತ್ತ ಕುರಿಮರಿಗಳಿಗೆ ಸೊಪ್ಪು ಹಾಕುತ್ತಾ, ಗೋಡೆಯಾಚೆಯಿಂದ ಕೇಳಿದ್ದನ್ನೆಲ್ಲ ಕಲಿತಳು. ಗೋಡೆ ರಾಜ ಯಾರು, ರಾಣಿ ಯಾರು ಎಂದು ವಿಂಗಡಿಸಿ ಕಳಿಸಲಿಲ್ಲ. ಹೀಗಾಗಿ ಎಲ್ಲರ ಪಾರ್ಟೂ ಬಾಯಿಗೆ ಬಂತು. ಮುಂದೆ ಮಾಸ್ಟರ ಜೊತೆ ತಬಲ ನುಡಿಸುತ್ತಿದ್ದ ಗೋಪಾಲನನ್ನೇ ಮದುವೆಯಾದಳು. ಗೋಪಾಲ ಇವತ್ತಿಗೂ ಮನೆಯಲ್ಲಿ ಜಗಳವಾದರೆ ಬಾಯಿ ತೆರೆಯುವುದಿಲ್ಲ. ಬೆರಳಲ್ಲಿ ಮಂಚದ ಕಾಲು ತಟ್ಟುತ್ತಾನೆ. ಹೆಂಡತಿಗೆ ಅರ್ಥವಾಗುತ್ತದೆ.

ಮಾತು ಎತ್ತಿಕೊಡುವುದು ಎಂದರೆ ಏನು ಎಂದು ಕೇಳಬಹುದು. ಒಮ್ಮೆ ಕೊರಟಗೆರೆ ಕಡೆ ಒಂದು ಊರಲ್ಲಿ ರಾಜನಿಗೆ, ತಾನು ಸಿಂಹಾಸನ ಬಿಟ್ಟು ಕಾಡಿಗೆ ಹೋಗಬೇಕು ಎನ್ನುವುದೇ ಮರೆತುಹೋಯಿತು. ಸಿಂಹಾಸನದ ಮೇಲೆ ಗಟ್ಟಿಯಾಗಿ ಕೂತುಬಿಟ್ಟ. ಜನ ಕೆಮ್ಮತೊಡಗಿದರು. ಶಾಂತಕುಮಾರಿ ಓಡಿಬಂದು ಕಾಲು ಹಿಡಿದಳು. "ಪ್ರಾಣನಾಥಾ, ಈ ಸಿಂಹಾಸನ ನನಗೆ ಬೇಡ, ಕಾಡಿಗೆ ಹೊರಟೆ ಎಂದು ಮಾತ್ರ ಹೇಳಬೇಡಿ!" ರಾಜನ ಮುಖದಲ್ಲಿ ಲೈಟು ಬಂತು. "ಹೇಳ್ತೀನಿ! ಬೇಡ! ಹೊರಟೆ!" ಎಂದು ಎದ್ದ. ಜನ ಒನ್ಸ್ ಮೋರ್ ಎಂದರು. ಪಾಪ, ಅವನು ಮತ್ತೆ ಹೋಗಿ ಕೂತ.

ಪಾವಗಡ ಕಡೆಯ ಕ್ಯಾತಗಾನಚೆರ್ಲಿನಲ್ಲಿ ಕುರಿ ಮೇಯಿಸುವ ಕ್ಯಾತಣ್ಣನದು ಇದಕ್ಕಿಂತ ಕಷ್ಟದ ಕೇಸು. ಬಹಳ ವರ್ಷದ ಹಿಂದೆ ಆ ಊರಲ್ಲಿ ಅವನು ರಾಜನಾದ, ಇವಳು ರಾಣಿ. ಸ್ಟೇಜು ಹತ್ತಿದವನಿಗೆ ಒಂದು ಮಾತೂ ನೆನಪಾಗಲಿಲ್ಲ. ಇಡೀ ನಾಟಕ ಶಾಂತಕುಮಾರಿ, "ಹೀಗೆನ್ನಬೇಡಿ, ಹಾಗೆನ್ನಬೇಡಿ" ಎಂದು ಗೋಗರೆದೇ ದಡ ಮುಟ್ಟಿಸಿದಳು. ರಾಜನಿಗೆ ಹಾರದ ಮೇಲೆ ಹಾರ ಬಿತ್ತು. ಆದರೆ ಅದಾದ ಮೇಲೆ ಆ ಕಡೆಯಿಂದ ಅವಳಿಗೆ ಒಂದು ಕರೆಯೂ ಬರಲಿಲ್ಲ. ಯಾರೋ ಬೇರೆ ರಾಣಿ ಸಿಕ್ಕಿರಬೇಕು ಎಂದು ಸುಮ್ಮನಾದಳು.

ಮೊನ್ನೆ ಯುಗಾದಿ ಕಳೆದ ಮೇಲೆ ಅದೇ ಕ್ಯಾತಣ್ಣ ಹೆಂಡತಿ ಮಗನನ್ನು ಕರೆದುಕೊಂಡು ಪುರವರಕ್ಕೆ ಬಂದ. ಶಾಂತಕುಮಾರಿಯ ಮಗಳು ಚಿತ್ರಾಳನ್ನು ನೋಡಲು. ಚಿತ್ರಾ ಪಾವಗಡದಲ್ಲಿ ಟೀಚರು. ಕ್ಯಾತಣ್ಣನ ಮಗ ಜಯರಾಮು ಸೋಲಾರ್ ಪಾರ್ಕಿನಲ್ಲಿ ಟೆಕ್ನೀಷಿಯನ್ನು. ಬಸ್ಸಿನಲ್ಲಿ ಸೀಟು ಹಿಡಿದುಕೊಡುತ್ತಾ ಶುರುವಾದ ಮಾತು ಇಲ್ಲಿಗೆ ಬಂದು ನಿಂತಿತ್ತು. ಹುಡುಗ ಹುಡುಗಿ ಒಪ್ಪಿ ಆಗಿತ್ತು. ಉಳಿದದ್ದು ಹುಡುಗನ ತಾಯಿ ಕೊಲ್ಲಾಪುರಮ್ಮನ ಒಪ್ಪಿಗೆ. ಅವಳು ಬೇಡ ಎಂದರೆ ಜಯರಾಮು ಮೀರುವವನಲ್ಲ. ಇದು ಚಿತ್ರಾಳಿಗೂ ಗೊತ್ತಿತ್ತು, ಅವಳ ತಾಯಿಗೂ ಗೊತ್ತಿತ್ತು.

ಕೊಲ್ಲಾಪುರಮ್ಮ ಉಪ್ಪಿಟ್ಟು ತಿಂದಳು, ಕಾಫಿ ತೆಗೆದುಕೊಂಡಳು. ಆಮೇಲೆ ನೇರವಾಗಿ ಕೇಳಿದಳು.

"ನಾಟ್ಕ ಆಡೋದು ತಪ್ಪು ಅನ್ನಾಕಿಲ್ಲ ಕಣಮ್ಮ. ನಮ್ಮೋರೂ ಆಡವ್ರೆ. ಆದ್ರೆ ಅವತ್ತು ನೀನು ಮಾತು ಮರ್ತು ನಿಂತ್ಬುಟ್ಟಿದ್ದಂತೆ? ನಮ್ಮೋರೇ ಎಲ್ಲಾ ಎತ್ತಿಕೊಟ್ರಂತೆ? ನಾನು ಜಯರಾಮುನ್ನ ಹೆತ್ತು ಬಾಣಂತನದಲ್ಲಿದ್ದೆ, ನೋಡಾಕೆ ಬರ್ಲಿಲ್ಲ. ಸಾವ್ರ ಜನದ ಮುಂದೆ ಮಾತು ಮರೆಯೋರ ಮಗ್ಳು, ನಾಳೆ ಒಲೆ ಮೇಲೆ ಹಾಲಿಟ್ಟು ಮರ್ತ್ರೆ?"

ಇಷ್ಟು ವರ್ಷ ಆ ಕಡೆಯಿಂದ ಕರೆ ಯಾಕೆ ಬರಲಿಲ್ಲ ಎನ್ನುವುದು ಶಾಂತಕುಮಾರಿಗೆ ಆಗ ತಿಳಿಯಿತು. ಕ್ಯಾತಣ್ಣ ಕಾಫಿ ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ನೋಡುತ್ತಾ ಕೂತಿದ್ದ. ಹಿರಿಯರಾಗಿ ಬಂದಿದ್ದ ನಾಗಲಿಂಗಯ್ಯ ಮಾಸ್ಟರು ಬಾಯಿ ತೆರೆಯಲು ಹೋದರು. ಶಾಂತಕುಮಾರಿ ಕಣ್ಣಲ್ಲೇ ತಡೆದಳು. ಬಾಗಿಲ ಬಳಿ ಅಕ್ಕಪಕ್ಕದವರೆಲ್ಲ ನಿಂತಿದ್ದರು. ಹೌದು ಎಂದರೆ ತನ್ನ ಹೆಸರು ಹೋಗುತ್ತದೆ. ಇಲ್ಲ ಎಂದರೆ ಮಗನ ಮುಂದೆ ತಂದೆಯ ಮಾನ ಹೋಗುತ್ತದೆ. ಮಾನ ಕಳೆದ ಮನೆಗೆ ಮಗಳು ಹೇಗೆ ಹೋದಾಳು?

"ಊ ಕಣಮ್ಮ," ಎಂದಳು. "ಅವತ್ತು ರಾಜ್ರು ಇದ್ದಿದ್ಕೇ ಆ ನಾಟ್ಕ ನಡೀತು."

ಚಿತ್ರಾ ತಲೆ ತಗ್ಗಿಸಿದಳು. ಗೋಪಾಲ ಮಂಚದ ಕಾಲು ತಟ್ಟತೊಡಗಿದ.

ಕೊಲ್ಲಾಪುರಮ್ಮನಿಗೆ ಹೆಮ್ಮೆ ಉಕ್ಕಿತು. "ನೋಡ್ದೇನ್ಲಾ ಜಯರಾಮು, ನಿಮ್ಮಪ್ಪನ್ನ! ಏಮಯ್ಯಾ, ಯುದ್ಧಕ್ಕೆ ಹೋಗೋ ಪದ್ಯ ಒಂದ್ಸಲ ಹಾಡಯ್ಯ. ನಾನೂ ಕೇಳಿಲ್ಲ, ಇವ್ರೂ ಕೇಳ್ಲಿ. ಮಾಸ್ಟ್ರೇ, ಪೆಟ್ಟಿಗೆ ತೆಗೀರಿ."

"ಇವಾಗ್ಯಾಕೆ ಬುಡೇ, ಗಂಟ್ಲು ಸರಿ ಇಲ್ಲ," ಎಂದ ಕ್ಯಾತಣ್ಣ.

"ಕುರಿ ಕೂಗಾಕೆ ಊರೆಲ್ಲಾ ಕೇಳಂಗಿರ್ತದೆ. ಹಾಡು!"

ಮಾಸ್ಟರು ಹಾರ್ಮೋನಿಯಂ ಹಿಡಿದರು. ಕ್ಯಾತಣ್ಣ ಗಂಟಲು ಸರಿಮಾಡಿಕೊಂಡು, ಕಣ್ಣು ಮುಚ್ಚಿ, "ಕಳುಹಿಸು ನಗುತೆನ್ನ ಕಮಲಾಕ್ಷೀ..." ಎಂದು ಎಳೆದ. ಎಳೆದ, ಎಳೆದ. ಕಮಲಾಕ್ಷಿಯಿಂದ ಮುಂದೆ ದಾರಿಯೇ ಇರಲಿಲ್ಲ. ಮಾಸ್ಟರ ಬೆರಳು ಅಲ್ಲೇ ಗಾಣದೆತ್ತಿನಂತೆ ಸುತ್ತತೊಡಗಿತು.

ಶಾಂತಕುಮಾರಿ ಲೋಟ ಎತ್ತುವ ನೆಪದಲ್ಲಿ ಬಾಗಿದಳು. "ಅಯ್ಯೋ ರಾಜ್ರೇ, ಖಡ್ಗ ಕರೆದಿದೆ ಅಂದು ಮಕ್ಳುನ್ನ ಹೆದ್ರಿಸ್ಬ್ಯಾಡಿ ಕಣ್ರಪ್ಪ!"

"ಖಡ್ಗವಿದೋ ಕರೆದಿದೇ..." ಎಂದು ಕ್ಯಾತಣ್ಣ ಎದ್ದೇ ನಿಂತ. ಮತ್ತೆ ನಿಂತೇ ಇದ್ದ.

"ಬೆಳಗಾಗೋದ್ರೊಳಗೆ ಬರ್ತೀನಿ ಅಂದ್ರೆ ನಾ ನಂಬಾಕಿಲ್ಲ," ಎಂದಳು ಶಾಂತಕುಮಾರಿ, ತಟ್ಟೆ ಒರೆಸುತ್ತಾ.

"ಬೆಳಗಾಗೆ ಬರುವೆನೇ..."

"ನಿಲ್ಸಿ ಮಾಸ್ಟ್ರೇ," ಎಂದಳು ಕೊಲ್ಲಾಪುರಮ್ಮ. ಅವಳು ಗಂಡನನ್ನು ನೋಡುತ್ತಿರಲಿಲ್ಲ. ತಟ್ಟೆ ಒರೆಸುತ್ತಿದ್ದವಳನ್ನು ನೋಡುತ್ತಿದ್ದಳು. "ಏಮಯ್ಯಾ, ಅವತ್ತೂ ಇಂಗೇನಾ ಆಗಿದ್ದು?"

ಕ್ಯಾತಣ್ಣ ಶಾಂತಕುಮಾರಿಯ ಕಡೆ ತಿರುಗಿದ. ಶಾಂತಕುಮಾರಿ, "ಅದು ಏನಾಯ್ತು ಅಂದ್ರೆ ಅಮ್ಮ..." ಎಂದು ಶುರು ಮಾಡಿದಳು.

"ನೀನ್ ಸುಮ್ಕಿರಮ್ಮ. ಇದನ್ನ ಎತ್ತಿಕೊಡ್ಬ್ಯಾಡ. ಇವ್ರೇ ಯೋಳ್ಲಿ."

ಕ್ಯಾತಣ್ಣ ಮಗನನ್ನು ನೋಡಿದ, ಸೊಸೆಯಾಗಬೇಕಾದವಳನ್ನು ನೋಡಿದ.

"ಅವತ್ತು ನಂಗೆ ಒಂದ್ ಮಾತೂ ಬರ್ಲಿಲ್ಲ ಕಣೇ. ಎಲ್ಲಾ ಆಯಮ್ಮನೇ ಯೋಳ್ಕೊಟ್ಟಿದ್ದು. ಊರಲ್ಲಿ ನಾನು ಸುಳ್ಳು ಯೋಳ್ದೆ."

"ಅಂತೂ ಒಂದು ಮಾತು ಸ್ವಂತಕ್ಕೆ ಆಡ್ದಲ್ಲಯ್ಯ!" ಎಂದು ಕೊಲ್ಲಾಪುರಮ್ಮ ಜೋರಾಗಿ ನಕ್ಕಳು. ಬಾಗಿಲಲ್ಲಿದ್ದವರೂ ನಕ್ಕರು. ಅವಳು ಶಾಂತಕುಮಾರಿಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. "ಸೋಲಾರಿಗೆ ಜಮೀನು ಕೊಡೋವಾಗ ಆಫೀಸ್ನಲ್ಲಿ, ಬ್ಯಾಂಕಲ್ಲಿ, ನೆಂಟ್ರ ಮನೇಲಿ, ಎಲ್ಲಾ ಕಡೆ ಇವ್ರಿಗೆ ಮಾತು ಎತ್ತಿಕೊಡೋಳು ನಾನೇ ಕಣಮ್ಮ. ನಂಗಾದ್ರೆ ಗಂಡ. ನಿಂಗೇನಾಗ್ಬೇಕಿತ್ತು? ನಿನ್ ಹೆಸ್ರು ಕಳ್ಕೊಂಡು ಇವ್ರದ್ದು ಉಳ್ಸಾಕೆ ಹೋದ್ಯಲ್ಲ. ಇಂಥೋಳ ಮಗ್ಳು ಹಾಲು ಉಕ್ಸುದ್ರೂ ಉಕ್ಸ್ಲಿ ಬುಡು. ಹೆಣ್ಣು ನಮ್ಗೆ ಒಪ್ಗೆ."

ಜಯರಾಮು ಖುಷಿಗೆ ಮೂರನೇ ತಟ್ಟೆ ಉಪ್ಪಿಟ್ಟು ಹಾಕಿಸಿಕೊಂಡ. ಬರುವ ಶ್ರಾವಣದಲ್ಲಿ ಮದುವೆ. ಕ್ಯಾತಗಾನಚೆರ್ಲಿನ ನಾಟಕಕ್ಕೂ ಈ ಸಲ ಶಾಂತಕುಮಾರಿಯೇ ರಾಣಿ. ಹೋಗಿ ಕರೆದದ್ದು ಕ್ಯಾತಣ್ಣನೇ. ತನಗೆ ದ್ವಾರಪಾಲಕನ ಪಾರ್ಟು ಸಾಕು, ಅದಕ್ಕೆ ಮಾತಿಲ್ಲ ಎಂದು ಅವನೇ ಹೇಳಿಕೊಂಡಿದ್ದಾನೆ.

ಈ ಕಡೆ ಬಂದವರು ಒಂದು ಸಲ ಶಾಂತಕುಮಾರಿಯನ್ನು ನೋಡಿಕೊಂಡು ಹೋಗಿ. ಪುರವರದಲ್ಲಿ ಇಳಿದು ತಬಲದ ಗೋಪಾಲನ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ನಾಟಕದ ಮಾರನೆಯ ದಿನವಾದರೆ ಮಧ್ಯಾಹ್ನದ ಮೇಲೆ ಹೋಗಿ, ಅಲ್ಲಿಯವರೆಗೆ ಅವಳು ನಿದ್ದೆ ಮಾಡಲಿ. ಕಾಫಿ ಕೊಡುತ್ತಾಳೆ, ಬೇಡ ಎನ್ನಬೇಡಿ. ಹೋದವರಿಗೆ ಏನು ಮಾತಾಡಬೇಕೋ ತೋಚದಿದ್ದರೂ ಚಿಂತೆಯಿಲ್ಲ. ದಯವಿಟ್ಟು ಹೋಗಿ ಬನ್ನಿ.